ಸಂತೆಯಲ್ಲಿ ನಿದ್ದೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾರನ್ನು ನೋಡಿ ಕಟ್ಟಿದರೋ ತಿಳಿಯದು. ಕಾಲೇಜಿಗೆ ಹೋಗುವ ಹುಡುಗರನ್ನು ನೋಡಿ ಕಟ್ಟಿದ್ದಂತೂ ಇರಲಾರದು. 1985ರಿಂದ 2019ರವರೆಗೆ, ಮೂವತ್ತನಾಲ್ಕು ವರ್ಷ, ಧಾರವಾಡದಲ್ಲಿ ನಾನು ಭೌತಶಾಸ್ತ್ರ ಕಲಿಸಿದೆ. ನನ್ನ ಪಾಠದಲ್ಲಿ ನಿದ್ದೆ ಹೋದವರ ಸಂಖ್ಯೆ ಕಡಿಮೆಯೇನಲ್ಲ. ಹಿಂದಿನ ಬೆಂಚಿನ ಮೂಲೆಯಲ್ಲಿ ಗೋಡೆಗೆ ತಲೆ ಆನಿಸಿ ಮಲಗಿದವನನ್ನು ನೋಡಿದರೆ, 'ಆಹಾ, ಇವನಿಗೆ ಚಿಂತೆಯೇ ಇಲ್ಲವಲ್ಲ' ಎಂದು ಹೊಸ ಮೇಷ್ಟರಿಗೆ ಹೊಟ್ಟೆಕಿಚ್ಚು ಆಗಬಹುದು. ಕೆಲವು ವರ್ಷ ಕಳೆದ ಮೇಲೆ ಅಸಲು ಸಂಗತಿ ತಿಳಿಯುತ್ತದೆ. ರಾತ್ರಿ ಬಾರದ ನಿದ್ದೆ ಅವನಿಗೆ ಹಗಲು ಹನ್ನೊಂದು ಗಂಟೆಯ ಪಾಠದಲ್ಲಿ ಬಂದಿರುತ್ತದೆ. ರಾತ್ರಿಯೆಲ್ಲ ಅವನು ಓದಿದ್ದಾನೆಂದೂ ಅಲ್ಲ. ಪುಸ್ತಕ ಎದುರಿಗಿಟ್ಟುಕೊಂಡು, 'ನನ್ನ ಕೈಲಿ ಆಗುವುದಿಲ್ಲ' ಎಂಬ ಒಂದೇ ಮಾತನ್ನು ಮನಸ್ಸಿನಲ್ಲಿ ನೂರು ಸಲ ತಿರುಗಿಸಿರುತ್ತಾನೆ.

ಈಗ ಇದಕ್ಕೆಲ್ಲ ಟೆನ್ಶನ್ ಎಂಬ ಒಂದೇ ಹೆಸರು. ಹಾಲಿನವನಿಗೂ ಟೆನ್ಶನ್, ಬಸ್ಸಿನ ಡ್ರೈವರನಿಗೂ ಟೆನ್ಶನ್, ಒಂದನೇ ಇಯತ್ತೆಯ ಕೂಸಿಗೂ ಟೆನ್ಶನ್. ನಾನು ಕಲಿಯುವಾಗ ಆ ಶಬ್ದ ಭೌತಶಾಸ್ತ್ರದ ಪುಸ್ತಕದೊಳಗೆ ಮಾತ್ರ ಇತ್ತು. ಬಿಗಿದು ಎಳೆದ ಹಗ್ಗದಲ್ಲಿರುವ ಬಲಕ್ಕೆ ಟೆನ್ಶನ್ ಎನ್ನುತ್ತಿದ್ದೆವು. ಮನುಷ್ಯರಿಗೆ ಆಗುತ್ತಿದ್ದುದಕ್ಕೆ ಬೇರೆ ಬೇರೆ ಮಾತುಗಳಿದ್ದವು. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಆಗುವುದು 'ಎದೆ ಹಾರುವುದು'. ಫಲಿತಾಂಶದ ಹಿಂದಿನ ದಿನ ಆಗುವುದು 'ಜೀವ ಕಸಿವಿಸಿ'. ಏನೂ ಕಾರಣವಿಲ್ಲದೆ ಸಂಜೆ ಹೊತ್ತಿನಲ್ಲಿ ಕವಿಯುವುದಕ್ಕೆ 'ಮನಸ್ಸಿಗೆ ಮಂಕು'. ಇವುಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಟೆನ್ಶನ್ ಎಂದು ಚೀಟಿ ಅಂಟಿಸಿದ್ದರಿಂದ ಒಂದು ನಷ್ಟವಾಗಿದೆ. ಯಾವುದು ಬಂದು ಹೋಗುವ ನೆಗಡಿ, ಯಾವುದು ಡಾಕ್ಟರರಿಗೆ ತೋರಿಸಲೇಬೇಕಾದ ಜ್ವರ ಎಂಬುದು ಹೇಳುವವನಿಗೂ ಗೊತ್ತಾಗುವುದಿಲ್ಲ, ಕೇಳುವವನಿಗೂ ಗೊತ್ತಾಗುವುದಿಲ್ಲ. 'ಟೆನ್ಶನ್ ತಗೋಬ್ಯಾಡ ಬಿಡೋ' ಎಂದು ಬೆನ್ನು ತಟ್ಟಿದರೆ ಮಾತು ಮುಗಿಯಿತು.

ಸ್ಟ್ರೆಸ್ ಎಂಬ ಶಬ್ದವೂ ನಮ್ಮ ಶಾಸ್ತ್ರದಿಂದಲೇ ಹೋದದ್ದು. ತಂತಿಗೆ ತೂಕ ತೂಗಹಾಕಿದಾಗ ಅದರ ಒಳಗೆ ಹುಟ್ಟುವ ಬಲವನ್ನು ತಂತಿಯ ಅಡ್ಡಕೊಯ್ತದ ಕ್ಷೇತ್ರಫಲದಿಂದ ಭಾಗಿಸಿದರೆ ಬರುವುದು ಸ್ಟ್ರೆಸ್. ಅದರಿಂದ ತಂತಿ ತನ್ನ ಉದ್ದದ ಎಷ್ಟನೇ ಪಾಲು ಹಿಗ್ಗಿತೆಂಬುದು ಸ್ಟ್ರೇನ್. ಇದನ್ನು ದೇಹಕ್ಕೆ ಅನ್ವಯಿಸಿ ಜಗತ್ತಿನ ಬಾಯಲ್ಲಿ ಹರಡಿದವರು ಹಾನ್ಸ್ ಸೆಲ್ಯೆ ಎಂಬ ಹಂಗೇರಿ ಮೂಲದ ವೈದ್ಯರು. ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡುತ್ತಿದ್ದ ಅವರು 1936ರಲ್ಲಿ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿ ಬರೆದರು. ಚಳಿಯಾಗಲಿ, ಗಾಯವಾಗಲಿ, ವಿಷವಾಗಲಿ, ಬಾಧೆ ಯಾವುದೇ ಇರಲಿ, ಇಲಿಗಳ ದೇಹ ಒಂದೇ ರೀತಿಯಲ್ಲಿ ತತ್ತರಿಸುತ್ತದೆ ಎಂಬುದು ಅದರ ಸಾರ. ಮುಂದೆ ಅದಕ್ಕೆ ಸ್ಟ್ರೆಸ್ ಎಂಬ ಹೆಸರು ಅಂಟಿಕೊಂಡಿತು. ದೇಹದೊಳಗೆ ಆಗುವುದನ್ನು ಹೇಳುವುದಾದರೆ ಸ್ಟ್ರೇನ್ ಎನ್ನುವುದೇ ಸರಿಯಾಗುತ್ತಿತ್ತು. ತಮ್ಮ ಇಂಗ್ಲಿಷು ಆಗ ಇನ್ನಷ್ಟು ಚೆನ್ನಾಗಿದ್ದರೆ ಹಾಗೇ ಕರೆಯುತ್ತಿದ್ದೆ ಎಂದು ಸೆಲ್ಯೆ ಅವರೇ ಮುಂದೆ ಹೇಳಿಕೊಂಡರು. ಈ ಸಂಗತಿ ಓದಿದ ದಿನ ನನಗೆ ಬಹಳ ಸಮಾಧಾನವಾಯಿತು. ಇಂಗ್ಲಿಷು ಕೈಕೊಟ್ಟದ್ದು ಹಳ್ಳಿಯಿಂದ ಬಂದ ನಮಗಷ್ಟೇ ಅಲ್ಲವಲ್ಲ!

ನನಗೆ ಅದು ಕೈಕೊಟ್ಟದ್ದು 1975ರ ಜೂನ್ ತಿಂಗಳಲ್ಲಿ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತು, ಊರಿಗೇ ಮೊದಲಿಗನಾಗಿ ಪಾಸಾಗಿ, ಧಾರವಾಡಕ್ಕೆ ಪಿಯುಸಿ ವಿಜ್ಞಾನಕ್ಕೆ ಬಂದಿದ್ದೆ. ಊರಲ್ಲಿ ನನಗೆ ಗೊತ್ತಿದ್ದ ವೇಗ, ಜಡತ್ವ, ಗುರುತ್ವಾಕರ್ಷಣೆ ಎಲ್ಲ ಇಲ್ಲಿ ಹೆಸರು ಬದಲಿಸಿಕೊಂಡು ಅಪರಿಚಿತರಂತೆ ಓಡಾಡುತ್ತಿದ್ದವು. ಅಧ್ಯಾಪಕರು ಪ್ರಶ್ನೆ ಕೇಳುತ್ತ ಸಾಲಿನಿಂದ ಸಾಲಿಗೆ ಬರುವಾಗ ನನ್ನ ಸರದಿ ಎಷ್ಟು ಜನರ ಆಚೆ ಇದೆ ಎಂದು ಎಣಿಸುತ್ತಿದ್ದೆ. ಉತ್ತರ ಗೊತ್ತಿರುತ್ತಿತ್ತು, ಆದರೆ ಅದು ಕನ್ನಡದಲ್ಲಿ ಇರುತ್ತಿತ್ತು. ಬಾಯಿ ಒಣಗುವುದು, ಅಂಗೈ ಬೆವರುವುದು, ಮೂತ್ರಕ್ಕೆ ಅವಸರವಾಗುವುದು, ಹೊಟ್ಟೆ ತೊಳಸುವುದು. ಒಂದು ತಿಂಗಳಲ್ಲಿ ನನಗೆ ದೊಡ್ಡ ರೋಗವೇ ಅಂಟಿಕೊಂಡಿದೆ ಎಂದು ಖಾತ್ರಿಯಾಯಿತು. ಭಾನುವಾರಗಳಂದು ಮಾತ್ರ ಈ ರೋಗ ರಜೆ ಹಾಕುತ್ತಿತ್ತು ಎಂಬುದು ಆಗ ಗಮನಕ್ಕೆ ಬರಲಿಲ್ಲ.

ಇದು ರೋಗವಲ್ಲ, ದೇಹ ತನ್ನ ಕೆಲಸ ಮಾಡುತ್ತಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಎದುರಿಗೆ ಅಪಾಯ ಬಂದಾಗ ಕಾದಾಡಬೇಕು ಇಲ್ಲವೇ ಓಡಬೇಕು. ಎರಡಕ್ಕೂ ಶಕ್ತಿ ಬೇಕು. ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ಉಸಿರು ಚುರುಕಾಗುತ್ತದೆ, ಹೊಟ್ಟೆಯ ಕಡೆ ಹರಿಯುವ ರಕ್ತ ಕಡಿಮೆಯಾಗಿ ಕೈಕಾಲಿನ ಸ್ನಾಯುಗಳಿಗೆ ಹೆಚ್ಚು ಹೋಗುತ್ತದೆ. ಜೀರ್ಣಕ್ರಿಯೆಗೆ ಬಿಡುವು ಸಿಕ್ಕಿದ್ದರಿಂದ ಬಾಯಿ ಒಣಗುತ್ತದೆ. ಹುಲಿ ಬಂದರೆ ಇದೆಲ್ಲ ಬಹಳ ಉಪಯೋಗದ್ದು. ಆದರೆ ದೇಹಕ್ಕೆ ಹುಲಿಗೂ ಪ್ರಶ್ನೆಪತ್ರಿಕೆಗೂ ವ್ಯತ್ಯಾಸ ತಿಳಿಯದು. ಎರಡೂ ಕಡೆ ಅದು ಓಡಲು ತಯಾರಿ ಮಾಡಿಕೊಡುತ್ತದೆ. ನಾವು ಮಾತ್ರ ಮೂರು ಗಂಟೆ ಬೆಂಚಿನ ಮೇಲೆ ಅಲ್ಲಾಡದೆ ಕೂಡಬೇಕು. ಈ ಲೆಕ್ಕ ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ. ಎದೆ ಹಾರುವುದಕ್ಕಿಂತ 'ಯಾಕೆ ಹಾರುತ್ತಿದೆ, ಏನಾಗಿಬಿಡುತ್ತದೋ' ಎಂಬ ಎರಡನೆಯ ಭಯವೇ ಹೆಚ್ಚು ಕಾಡುವುದು.

ಸ್ವಲ್ಪ ಭಯ ಇರಬೇಕು ಎನ್ನುವವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. 1908ರಷ್ಟು ಹಿಂದೆಯೇ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಅಮೆರಿಕನ್ನರು ಇಲಿಮರಿಗಳಂಥ ಸಣ್ಣ ಇಲಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಬಿಳಿ ಪೆಟ್ಟಿಗೆ, ಕಪ್ಪು ಪೆಟ್ಟಿಗೆ. ತಪ್ಪು ಪೆಟ್ಟಿಗೆ ಹೊಕ್ಕರೆ ವಿದ್ಯುತ್ತಿನ ಚುರುಕು. ವ್ಯತ್ಯಾಸ ಸುಲಭವಾಗಿ ಕಾಣುವಂತಿದ್ದಾಗ ಚುರುಕು ಜೋರಾದಷ್ಟೂ ಇಲಿಗಳು ಬೇಗ ಕಲಿತವು. ವ್ಯತ್ಯಾಸ ಸೂಕ್ಷ್ಮವಾಗಿದ್ದಾಗ ಮಾತ್ರ ಮಧ್ಯಮ ಚುರುಕೇ ಒಳ್ಳೆಯದಾಯಿತು. ಅದಕ್ಕಿಂತ ಹೆಚ್ಚಾದಾಗ ಅವು ಹಿಂದುಳಿದವು. ಅಂದರೆ ಕಸ ಗುಡಿಸುವ ಕೆಲಸಕ್ಕೆ ಬೈಗುಳ ನಡೆದೀತು, ಕಲನಶಾಸ್ತ್ರಕ್ಕೆ ನಡೆಯದು. ಮಗ್ಗಿ ಬಾಯಿಪಾಠ ಮಾಡಿಸಿದ ಬೆತ್ತದಿಂದಲೇ ಪಿಯುಸಿ ಗಣಿತವನ್ನೂ ಕಲಿಸಿಬಿಡಬಹುದು ಎಂದು ನಂಬಿರುವ ತಂದೆತಾಯಿಗಳೂ ಅಧ್ಯಾಪಕರೂ ಆ ಇಲಿಗಳಿಂದ ಒಂದು ಪಾಠ ಹೇಳಿಸಿಕೊಳ್ಳಬೇಕು.

ನನ್ನನ್ನು ದಡ ಹತ್ತಿಸಿದವರು ನಮ್ಮ ಕಾಕಾ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವರು. ಹದಿನೈದು ದಿನಕ್ಕೊಮ್ಮೆ ಊರಿಗೆ ಹೋದಾಗ ಹೊಲದ ಬದುವಿನ ಮೇಲೆ ಕೂರಿಸಿಕೊಂಡು, 'ಏನ ಕಲತಿ, ಹೇಳು' ಎನ್ನುತ್ತಿದ್ದರು. ನಾನು ಇಂಗ್ಲಿಷ್ ಶಬ್ದ ಉದುರಿಸಿದರೆ, 'ಅಂದ್ರ ಏನಪಾ? ನನಗ ತಿಳಿಯೂ ಹಂಗ ಹೇಳು' ಎಂದು ತಡೆಯುತ್ತಿದ್ದರು. ಬಂಡಿ ಯಾಕೆ ಮೊದಲು ಎಳೆಯಲು ಜಗ್ಗುತ್ತದೆ, ಉರುಳತೊಡಗಿದ ಮೇಲೆ ಯಾಕೆ ಹಗುರಾಗುತ್ತದೆ ಎಂದು ಅವರಿಗೆ ಹೇಳುವ ಹೊತ್ತಿಗೆ ಘರ್ಷಣೆಯ ಅಧ್ಯಾಯ ನನಗೆ ತಿಳಿದಿರುತ್ತಿತ್ತು. ಸೋಮವಾರ ಅದನ್ನೇ ಮುರುಕು ಇಂಗ್ಲಿಷಿನಲ್ಲಿ ಬರೆಯುವುದು ದೊಡ್ಡ ಮಾತಾಗುತ್ತಿರಲಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಕಾಕಾ ಇದನ್ನು ಬದುವಿನ ಮೇಲೆ ಕುಳಿತೇ ಕಂಡುಕೊಂಡಿದ್ದರು. ಆತಂಕಕ್ಕೆ ಇದರಷ್ಟು ಒಳ್ಳೆಯ ಮದ್ದನ್ನು ನಾನು ಬೇರೆ ಕಂಡಿಲ್ಲ. ಬರೀ ಓದಿದವನಿಗೆ ಬರುತ್ತದೋ ಇಲ್ಲವೋ ಎಂಬ ಅನುಮಾನ ಉಳಿದೇ ಇರುತ್ತದೆ. ಮುಚ್ಚಿಟ್ಟು ಹೇಳಿ ನೋಡಿದವನಿಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಲೆಕ್ಕ ಕೈಯಲ್ಲಿರುತ್ತದೆ. ಲೆಕ್ಕ ಸಿಕ್ಕ ಮೇಲೆ ಭಯ ಸಣ್ಣದಾಗುತ್ತದೆ.

ಆದರೆ ಎಲ್ಲ ಭಯಕ್ಕೂ ಕಾಕಾನ ಮದ್ದು ಸಾಲುವುದಿಲ್ಲ. ಇದನ್ನು ಹೇಳದೆ ಹೋದರೆ ಈ ಬರವಣಿಗೆ ಬರೀ ಉಪದೇಶವಾದೀತು.

ಉತ್ತರ ಕರ್ನಾಟಕದ ಓದುಗರಿಗೆ ಬುತ್ತಿಯ ವಿಷಯ ಹೇಳಬೇಕಿಲ್ಲ; ಬೇರೆಯವರಿಗಾಗಿ ಎರಡು ಮಾತು. ಹಳ್ಳಿಯಿಂದ ಬಂದು ಬಾಡಿಗೆ ಖೋಲಿ ಹಿಡಿದು ಓದುವ ಹುಡುಗರಿಗೆ ಮನೆಯಿಂದ ಊಟದ ಡಬ್ಬಿ ಬಸ್ಸಿನಲ್ಲಿ ಬರುತ್ತದೆ. ನಸುಕಿನಲ್ಲಿ ಎದ್ದು ಅವ್ವ ರೊಟ್ಟಿ ಬಡಿದು, ಪಲ್ಯ, ಶೇಂಗಾ ಚಟ್ನಿ, ಒಂದಿಷ್ಟು ಮೊಸರು ಕಟ್ಟಿ, ಡಬ್ಬಿಯ ಮೇಲೆ ಬಣ್ಣದಿಂದ ಹೆಸರು ಬರೆಸಿ ಮೊದಲ ಬಸ್ಸಿಗೆ ಕೊಡುತ್ತಾಳೆ. ಡ್ರೈವರನ ಪಕ್ಕದಲ್ಲಿ, ಎಂಜಿನ್ನಿನ ಸುತ್ತ ಡಬ್ಬಿಗಳ ರಾಶಿ. ಹುಡುಗರು ನಿಲ್ದಾಣಕ್ಕೆ ಬಂದು ತಮ್ಮ ತಮ್ಮದು ಒಯ್ಯುತ್ತಾರೆ. ಖಾಲಿ ಡಬ್ಬಿ ಅದೇ ಬಸ್ಸಿಗೆ ವಾಪಸ್ಸು. ಎಷ್ಟು ಪದವೀಧರರನ್ನು ಈ ಡಬ್ಬಿಗಳು ತಯಾರು ಮಾಡಿವೆಯೋ ಲೆಕ್ಕವಿಟ್ಟವರಿಲ್ಲ.

1998ರ ಚಳಿಗಾಲ. ಒಂದು ದಿನ ಬೆಳಿಗ್ಗೆ ನಮ್ಮ ವಿಭಾಗದ ಬಾಗಿಲಲ್ಲಿ ಒಬ್ಬ ತಾಯಿ ನಿಂತಿದ್ದರು. ಸೆರಗು ತಲೆಯ ಮೇಲೆ, ಕೈಯಲ್ಲಿ ಡಬ್ಬಿ. ಮಗ ಬಿಎಸ್ಸಿ ಮೊದಲ ವರ್ಷ. ನನ್ನ ಪ್ರಾಕ್ಟಿಕಲ್ ತಂಡದವನು. ಊರು, ಹೆಸರು ಬೇಡ. 'ಸರ್, ನಮ್ಮ ಹುಡುಗ ಡಬ್ಬಿ ತೊಳದ ಕಳಸಾಕ ಹತ್ಯಾನ್ರೀ' ಎಂದರು. ನನಗೆ ಅರ್ಥವಾಗಲಿಲ್ಲ. ತೊಳೆದು ಕಳಿಸಿದರೆ ಒಳ್ಳೆಯದೇ ಆಯಿತಲ್ಲ ಎಂದೆ. 'ಹುಟ್ಟಿದಾಗಿಂದ ಉಂಡ ತಾಟು ತೊಳದಾಂವ ಅಲ್ರಿ ಅಂವ. ಹದಿನೈದು ದಿನಾ ಆತು, ಡಬ್ಬಿ ಫಳಫಳ ತೊಳದ ಬರಾಕ ಹತ್ತೇತಿ. ಉಣ್ಣಾಕ ಹತ್ತಿಲ್ರಿ. ಎಲ್ಲೋ ಚೆಲ್ಲಿ, ನನಗ ತಿಳೀಬಾರದಂತ ತೊಳದ ಕಳಸ್ತಾನ. ಏನೋ ಆಗೇತ್ರಿ ಅಂವಗ.'

ಅಕ್ಷರ ಓದಲು ಬಾರದ ಆಕೆ ಡಬ್ಬಿ ಓದಿದ್ದರು. ಅವರ ಜೊತೆ ಖೋಲಿಗೆ ಹೋದೆ. ಹುಡುಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಜೊತೆಗಾರ ಹೇಳಿದ: ರೊಟ್ಟಿಯನ್ನು ಬೀದಿಯ ದನಕ್ಕೆ ಹಾಕುತ್ತಾನೆ, ರಾತ್ರಿ ಮೂರಕ್ಕೆ ಏಳುತ್ತಾನೆ, ಮಾತು ನಿಂತು ತಿಂಗಳಾಯಿತು. ಓದಿನಲ್ಲಿ ಜಾಣ. ಮೊದಲ ಕಿರುಪರೀಕ್ಷೆಯಲ್ಲಿ ಇಂಗ್ಲಿಷು ಅಡ್ಡ ಬಂದು ಕಡಿಮೆ ಅಂಕ ಬಿದ್ದಿದ್ದವು. ಅವನ ಓದಿಗಾಗಿ ಅಪ್ಪ ಸಾಲ ತಂದಿದ್ದ. ಆ ಎರಡು ಸಂಗತಿಗಳನ್ನು ಅವನ ಮನಸ್ಸು ಕೂಡಿಸುತ್ತ ಹೋಗಿ, ಕೊನೆಗೆ ತಾನೇ ಮನೆಗೆ ಒಂದು ಸಾಲ ಎಂಬ ಉತ್ತರಕ್ಕೆ ಬಂದಿತ್ತು.

ಧಾರವಾಡದಲ್ಲಿ ಬ್ರಿಟಿಷರ ಕಾಲದ ಮಾನಸಿಕ ಆಸ್ಪತ್ರೆಯಿದೆ. ಈಗ ಅದು ಡಿಮ್ಹಾನ್ಸ್ ಎಂಬ ಹೆಸರಿನ ಸಂಸ್ಥೆ. ನಮ್ಮ ಕಡೆ ಯಾರಾದರೂ ಅಡ್ಡಾದಿಡ್ಡಿ ಮಾತನಾಡಿದರೆ, 'ಇಂವನ್ನ ಧಾರವಾಡಕ್ಕ ಕಳಸ್ಬೇಕು' ಎನ್ನುವುದು ಹಳೆಯ ಚೇಷ್ಟೆ. ಬೆಂಗಳೂರಿನ ಕಡೆಯವರು ಅದೇ ಚೇಷ್ಟೆಗೆ ನಿಮ್ಹಾನ್ಸ್ ಹೆಸರು ಹೇಳುತ್ತಾರೆ. ಆ ಚೇಷ್ಟೆ ಎಷ್ಟು ಭಾರದ್ದು ಎಂದು ತಿಳಿದದ್ದು ಆ ದಿನ. ಆಸ್ಪತ್ರೆಯ ಹೆಸರೆತ್ತಿದ ಕೂಡಲೆ ತಾಯಿಯ ಮುಖ ಕಳೆಗುಂದಿತು. 'ಮಂದಿಗೆ ಗೊತ್ತಾದ್ರ ತಂಗೀಗೆ ವರಾ ಸಿಗೂದಿಲ್ರಿ' ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಗಲಿ ನಡ್ರಿ. ಇಂವ ಉಳದ್ರ ಎಲ್ಲಾ ಉಳೀತೈತಿ' ಎಂದು ತಾವೇ ಎದ್ದರು.

ಹೊರರೋಗಿಗಳ ಸಾಲಿನಲ್ಲಿ ಒಂದೂವರೆ ತಾಸು ಕುಳಿತೆವು. ನಾನು ಎಣಿಸಿದಂಥ ದೃಶ್ಯ ಅಲ್ಲಿ ಯಾವುದೂ ಇರಲಿಲ್ಲ. ಯಾವುದೇ ಸರ್ಕಾರಿ ದವಾಖಾನೆಯಂತೆ ಚೀಟಿ, ಬೆಂಚು, ಕೈಗೂಸುಗಳು, ನೀರಿನ ಬಾಟಲಿ. ವೈದ್ಯರು ನಡುವಯಸ್ಸಿನವರು. 'ಎಷ್ಟ ದಿವಸಾತು ತಮ್ಮಾ, ನಿದ್ದಿ ಬರಲಾರದ?' ಎಂದು ಆರಂಭಿಸಿದರು. ನಿದ್ದೆ, ಊಟ, ತೂಕ, ಓದು ಎಲ್ಲ ಕೇಳಿ, ದನಿ ಬದಲಿಸದೆಯೇ, 'ಜೀವಾ ಬ್ಯಾಡ ಅಂತ ಅನಸತೈತೇನು?' ಎಂದರು. ನನ್ನ ಎದೆ ಧಸಕ್ಕೆಂದಿತು. ಹುಡುಗ ತಲೆ ತಗ್ಗಿಸಿ ಹೌದೆಂದ. ಅಷ್ಟು ಹೇಳಿದ್ದೇ ತಡ, ಅಳು ಬಂತು. ತಿಂಗಳಿಂದ ಕಟ್ಟಿಕೊಂಡಿದ್ದೆಲ್ಲ ಹರಿಯಿತು. ಆಮೇಲೆ ಹೊರಗೆ ವೈದ್ಯರು ನನಗೆ ಹೇಳಿದ್ದನ್ನು ನಾನು ಮರೆತಿಲ್ಲ. ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂದು ಜನ ಅಂಜುತ್ತಾರೆ, ಹಾಗಾಗುವುದಿಲ್ಲ. ಕೇಳಿದವರಿಗೆ ಹೇಳಿ ಹಗುರಾಗುತ್ತಾರೆ ಎಂದರು. ಮನೋವೈದ್ಯರು ಇಂದಿಗೂ ಹೇಳುವುದು ಇದನ್ನೇ.

ಗುಳಿಗೆ ಬರೆದುಕೊಟ್ಟರು. ಕೆಲಸ ಮಾಡಲು ಎರಡು ಮೂರು ವಾರ ಬೇಕು, ಆರಾಮೆನಿಸಿತೆಂದು ನಡುವೆ ಬಿಡಬಾರದು ಎಂದರು. ವಾರಕ್ಕೊಮ್ಮೆ ಮಾತಿಗೆ ಕರೆದರು. ಮೊದಲ ತಿಂಗಳು ಹುಡುಗನನ್ನು ಒಬ್ಬನೇ ಬಿಡಬೇಡಿ ಎಂದು ಹೇಳಿದ್ದರಿಂದ ತಾಯಿ ಖೋಲಿಯಲ್ಲೇ ಉಳಿದರು. ಡಬ್ಬಿ ಬರುವುದು ನಿಂತು ರೊಟ್ಟಿಯ ಸಪ್ಪಳವೇ ಅಲ್ಲಿ ಕೇಳತೊಡಗಿತು. ಅದರ ರುಚಿ ಓಣಿಯ ಉಳಿದ ಹುಡುಗರಿಗೂ ಸಿಕ್ಕಿತು. ಆ ವರ್ಷ ಅವನು ಎರಡು ವಿಷಯಗಳಲ್ಲಿ ನಪಾಸಾದ. ಮುಂದಿನ ಸಲ ಪಾಸಾದ. ಕತೆಗಳಲ್ಲಿ ಆಗುವಂತೆ ಚಿನ್ನದ ಪದಕವೇನೂ ಬರಲಿಲ್ಲ. ಇವತ್ತು ಅವನು ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ. ತಂಗಿಯ ಮದುವೆಯೂ ಆಯಿತು. ಊಟಕ್ಕೆ ನಾನೂ ಹೋಗಿದ್ದೆ.

ನಮ್ಮ ಪ್ರಯೋಗಶಾಲೆಯಲ್ಲಿ ತಂತಿಗೆ ಅರ್ಧರ್ಧ ಕಿಲೋದ ತೂಕ ಏರಿಸುತ್ತ ಅದು ಎಷ್ಟು ಹಿಗ್ಗಿತು ಎಂದು ಅಳೆಯುವ ಪ್ರಯೋಗವಿದೆ. ಒಂದು ಮಿತಿಯೊಳಗೆ ತೂಕ ತೆಗೆದರೆ ತಂತಿ ಮೊದಲಿನ ಉದ್ದಕ್ಕೆ ಮರಳುತ್ತದೆ. ಮಿತಿ ದಾಟಿದರೆ ಮರಳುವುದಿಲ್ಲ. ಇಷ್ಟು ಎಲ್ಲರೂ ಬರೆಯುತ್ತಾರೆ. ಪುಸ್ತಕದಲ್ಲಿ ಇನ್ನೊಂದು ಸಾಲಿರುತ್ತದೆ: ಮಿತಿಯೊಳಗಿನ ತೂಕವನ್ನೇ ಬಿಡುವಿಲ್ಲದೆ ಏರಿಸಿ ಇಳಿಸಿ ಮಾಡುತ್ತಿದ್ದರೂ ತಂತಿ ದಣಿಯುತ್ತದೆ, ಮರಳುವ ಗುಣ ಕುಂದುತ್ತದೆ, ಸ್ವಲ್ಪ ಕಾಲ ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲವೆಂದು ಹುಡುಗರು ಇದನ್ನು ಬಿಟ್ಟುಬಿಡುತ್ತಾರೆ. ನಾನು ಮಾತ್ರ ಪ್ರತಿವರ್ಷ ಅಲ್ಲಿ ನಿಂತು, ಲೋಹಕ್ಕೂ ವಿಶ್ರಾಂತಿ ಬೇಕು ಎಂದು ಹೇಳಿಯೇ ಮುಂದೆ ಹೋಗುತ್ತಿದ್ದೆ.

ವಿಶ್ರಾಂತಿ ಎಂದರೆ ಮುಖ್ಯವಾಗಿ ನಿದ್ದೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆಗೆಟ್ಟು ಓದುವವನು ಒಂದು ಕೈಯಿಂದ ಧಾನ್ಯ ತುಂಬಿ ಇನ್ನೊಂದು ಕೈಯಿಂದ ಚೀಲದ ತಳ ಹರಿಯುತ್ತಾನೆ. ಚಹಾ, ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧ ಐದು ತಾಸಿನ ಮೇಲೂ ರಕ್ತದಲ್ಲಿ ಉಳಿದಿರುತ್ತದೆ. ರಾತ್ರಿ ಹತ್ತರ ಚಹಾ ಮೂರು ಗಂಟೆಗೂ ಮಾತನಾಡಿಸುತ್ತಿರುತ್ತದೆ. ಎದೆ ಹಾರುವಾಗ ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ನಿಧಾನ ಬಿಟ್ಟರೆ, ಹೀಗೆ ಐದು ನಿಮಿಷ ಮಾಡಿದರೆ, ಎದೆಬಡಿತ ಇಳಿಯುತ್ತದೆ. ಉಸಿರು ಬಿಡುವಾಗ ಹೃದಯದ ವೇಗ ತಗ್ಗುವುದು ದೇಹದ ಸಹಜ ಏರ್ಪಾಡು. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಭಯವನ್ನೇ ಕಾಗದದ ಮೇಲೆ ಬರೆದ ಅಂಜುಬುರುಕ ವಿದ್ಯಾರ್ಥಿಗಳ ಅಂಕ ಏರಿತೆಂದು ಷಿಕಾಗೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದರು. ಮುಂದಿನ ಎಲ್ಲ ಪ್ರಯೋಗಗಳಲ್ಲೂ ಅದೇ ಫಲ ಸಿಕ್ಕಿಲ್ಲ. ಆದರೂ ಖರ್ಚಿಲ್ಲದ ಉಪಾಯ, ನೋಡಲಡ್ಡಿಯಿಲ್ಲ. ಈ ವಿಷಯಗಳನ್ನು ತಿಳಿಯಲು ಕನ್ನಡದಲ್ಲಿ ಪುಸ್ತಕಗಳಿಲ್ಲ ಎನ್ನುವಂತಿಲ್ಲ. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಆರಂಭಿಸಿ ನಾಡನ್ನು ನಗಿಸಿದ ರಾಶಿ ಅವರೇ, ಡಾ. ಎಂ. ಶಿವರಾಂ ಆಗಿ, 'ಮನಮಂಥನ' ಬರೆದು 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಸಣ್ಣ ಊರಿನ ವಾಚನಾಲಯಗಳಲ್ಲೂ ಸಿಗುತ್ತವೆ.

ನಮ್ಮ ಕಾಲದ ಭಯ ವರ್ಷಕ್ಕೊಮ್ಮೆ ಬರುತ್ತಿತ್ತು. ಈಗಿನವರದು ಜೇಬಿನಲ್ಲೇ ಇರುತ್ತದೆ. ಗೆಳೆಯನ ಅಂಕ, ಗೆಳತಿಯ ನೌಕರಿ, ದೊಡ್ಡಪ್ಪನ ಮಗನ ವಿದೇಶದ ಫೋಟೋ ಎಲ್ಲ ಮಲಗುವ ಹೊತ್ತಿಗೆ ಮೊಬೈಲಿನಲ್ಲಿ ಬಂದು ಎದೆಯ ಮೇಲೆ ಕೂಡುತ್ತವೆ. ಬೀದಿಗೆ ಬಂದರೆ ರ‍್ಯಾಂಕ್ ಪಡೆದವರ ಮುಖಗಳ ದೊಡ್ಡ ದೊಡ್ಡ ಫಲಕ. ಸಿಇಟಿ, ನೀಟ್, ಆಮೇಲೆ ಸೆಮಿಸ್ಟರು, ಆಮೇಲೆ ಸರ್ಕಾರಿ ಹುದ್ದೆಯ ಪರೀಕ್ಷೆ. ಧಾರವಾಡದ ಓಣಿ ಓಣಿಯಲ್ಲಿ ಬಾಡಿಗೆಯ ಓದುಕೋಣೆಗಳಿವೆ. ಒಂದೊಂದು ಖಾನೆಯಲ್ಲಿ ಒಂದೊಂದು ಮನೆತನದ ಆಸೆ ಕುಳಿತಿರುತ್ತದೆ. ನಡುವೆ ಒಂದು ಒಳ್ಳೆಯ ಸಂಗತಿಯೂ ಆಗಿದೆ. 2024ರಲ್ಲಿ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. 'ಪೂರಕ ಪರೀಕ್ಷೆ' ಎಂಬ ಹೆಸರು ಹೋಗಿ ಒಂದು, ಎರಡು, ಮೂರು ಎಂದಾಯಿತು. ಒಂದು ಬಾಗಿಲು ಮುಚ್ಚಿದರೆ ಅದೇ ವರ್ಷ ಮತ್ತೊಂದು ಇದೆ ಎಂಬುದನ್ನು ಸರ್ಕಾರವೇ ಬರೆದುಕೊಟ್ಟಂತಾಯಿತು.

ಇದು ಮಾತಿಗೆ ಹೇಳುವ ಸಮಾಧಾನವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,000ಕ್ಕಿಂತ ಹೆಚ್ಚು. ಅಷ್ಟು ಮನೆಗಳಲ್ಲಿ ಡಬ್ಬಿ ಖಾಲಿಯಾಗಿಯೇ ಉಳಿದಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕೆಂದು ನಿರ್ದೇಶಿಸಿತು. ಅದಕ್ಕೂ ಮೊದಲೇ, 2022ರ ಅಕ್ಟೋಬರ್ 10ರಂದು, ಕೇಂದ್ರ ಸರ್ಕಾರ ಟೆಲಿ ಮಾನಸ್ ಎಂಬ ಸಹಾಯವಾಣಿ ಆರಂಭಿಸಿತು. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲಿಯೇ ಮಾತನಾಡಬಹುದು, ದುಡ್ಡು ಬೀಳುವುದಿಲ್ಲ. ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ, ಇಷ್ಟಪಡುತ್ತಿದ್ದ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಅದು ನೆಗಡಿಯಲ್ಲ, ಜ್ವರ, ವೈದ್ಯರಿಗೆ ತೋರಿಸಬೇಕು. ಸಾಯುವ ವಿಚಾರ ಒಮ್ಮೆ ಸುಳಿದರೂ ಎರಡು ವಾರ ಕಾಯಬಾರದು, ಆ ದಿನವೇ ಯಾರಿಗಾದರೂ ಹೇಳಬೇಕು. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರ ಎನ್ನುತ್ತಾರೆ. ಆ ಸೊನ್ನೆಯ ಜಾಗದಲ್ಲಿ ಒಬ್ಬ ಮನುಷ್ಯ ನಿಂತರೆ ಸಾಕು, ಅಂತರ ದೊಡ್ಡದಾಗುತ್ತದೆ.

ಹುಡುಗರಿಗೆ ನಾನು ಹೇಳುವುದು ಇಷ್ಟೇ. ಅಂಕಪಟ್ಟಿಯಲ್ಲಿ ಬರೆದಿರುವುದು ಆ ಮೂರು ತಾಸಿನ ಲೆಕ್ಕ, ನಿಮ್ಮ ಲೆಕ್ಕವಲ್ಲ. ಅಪ್ಪನ ಸಾಲ ತೀರಿಸುವುದಕ್ಕೂ ನೀವು ಇರಬೇಕು. ಓದಿದ್ದನ್ನು ಯಾರಿಗಾದರೂ ತಿಳಿಯುವ ಹಾಗೆ ಹೇಳಿ ನೋಡಿ, ರಾತ್ರಿ ಮಲಗಿ, ಭಾರವಾದಾಗ ಬಾಯಿ ಬಿಡಿ. ಹಿರಿಯರಿಗೆ ಹೇಳುವುದು ಇನ್ನೂ ಕಡಿಮೆ. ಫೋನ್ ಮಾಡಿದಾಗ 'ಓದಾಕ ಹತ್ತೀಯೋ ಇಲ್ಲೋ' ಎಂಬ ಪ್ರಶ್ನೆಯನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ಮೊದಲನೆಯದು, 'ಊಟಾ ಆತೇನಪಾ?' ಉತ್ತರ ಬರುವವರೆಗೆ ಫೋನ್ ಇಡಬೇಡಿ.